ಪುಕ್ಕಟೆ ಹೆಜ್ಜೆ

ಕಸ್ತೂರಿ ಬಿದ್ದದ್ದು ಅಡುಗೆಮನೆಯಲ್ಲಿ, ಒಲೆಯ ಮೇಲಿಂದ ಚಹಾದ ಪಾತ್ರೆ ಇಳಿಸಿ ಕಟ್ಟೆಯ ಕಡೆಗೆ ತಿರುಗುವಾಗ. ಪಾತ್ರೆ ಒಂದು ಕಡೆ, ಅವಳೊಂದು ಕಡೆ. ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ ತಂಗಿ ದಾಕ್ಷಾಯಿಣಿ ಓಡಿಬಂದು ನೋಡಿದರೆ, ಅಕ್ಕ ನೆಲದ ಮೇಲೆ ಎಡಗೈ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. ಬಿಸಿ ಚಹಾ ಅವಳ ಕಾಲಿನ ಮೇಲೆ ಹರಿಯುತ್ತಿತ್ತು. ಕಾಲಿಗೆ ಅದರ ಅರಿವೇ ಇರಲಿಲ್ಲ.

“ಏನಾತಕ್ಕಾ?”

“ಏನಿಲ್ಲ. ತಿರುಗುವಾಗ ಹೆಜ್ಜಿ ತಪ್ಪಿತು. ಕಾಲಿಗೆ ಬಲಾ ಬಂದ್ರೂ ನನಗ ಬುದ್ಧಿ ಬರಲಿಲ್ಲ ನೋಡು,” ಎಂದು ಕಸ್ತೂರಿ ನಗಲು ನೋಡಿದಳು. ಮುಖ ಬಿಳಿಚಿಕೊಂಡಿತ್ತು.

ಒಂದು ಕಾಲಕ್ಕೆ ಕಸ್ತೂರಿ ಅಂಗಡಿ ಎಂಬ ಹೆಸರು ಕೇಳಿದರೆ ಧಾರವಾಡದ ಖೋ-ಖೋ ಮೈದಾನಗಳಲ್ಲಿ ಎದುರು ತಂಡದವರು ಮೊದಲೇ ಅರ್ಧ ಸೋತಿರುತ್ತಿದ್ದರು. ಪಂದ್ಯ ಗೆದ್ದು ಮರಳುವಾಗ ಜೀಪು ಪಲ್ಟಿಯಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಆಮೇಲೆ ವರ್ಷಗಟ್ಟಲೆ ಗಾಲಿಕುರ್ಚಿ. ಅವಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಡಾಕ್ಟರಲ್ಲ, ಒಂದು ವಿಡಿಯೋ ಗೇಮು.

ಬೆನ್ನುಹುರಿ ಪೂರ್ತಿ ತುಂಡಾಗದೆ ಜಜ್ಜಿಹೋದವರಲ್ಲಿ ಮಿದುಳಿನ ಆಜ್ಞೆಯ ಒಂದು ಸಣ್ಣ ಎಳೆ ಗಾಯವನ್ನು ದಾಟಿ ಕೆಳಗಿಳಿಯುತ್ತಲೇ ಇರುತ್ತದೆ. ಕಾಲನ್ನು ಎತ್ತಿಡಲು ಅದು ಸಾಲದು. ಸೊಂಟಕ್ಕೆ ಕಟ್ಟುವ ಬೆನ್ನುಪಟ್ಟಿ ಆ ಎಳೆಯನ್ನು ಹಿಡಿದು, ದೊಡ್ಡದು ಮಾಡಿ, ವಿದ್ಯುತ್ತಿನ ಸಣ್ಣ ತುಡಿತಗಳಾಗಿ ಕೆಳಗಿನ ನರಗಳಿಗೆ ದಾಟಿಸುತ್ತದೆ. ಆದರೆ ಯಾವ ತುಡಿತಕ್ಕೆ ಯಾವ ಹೆಜ್ಜೆ ಎಂಬುದನ್ನು ಪಟ್ಟಿ ಒಂದೊಂದು ಮೈಯಿಂದಲೂ ಬೇರೆಬೇರೆಯಾಗಿ ಕಲಿಯಬೇಕು. ಅದಕ್ಕೆ ಸಾವಿರಾರು ಸಲ ಓಡಲು, ನಿಲ್ಲಲು, ತಿರುಗಲು ಯತ್ನಿಸಬೇಕು. ಆಸ್ಪತ್ರೆಯ ಕಸರತ್ತಿಗೆ ಜನ ಬೇಗ ಬೇಸತ್ತು ಬಿಡುತ್ತಿದ್ದರು. ಆಟದಿಂದ ಯಾರೂ ಬೇಸರಗೊಳ್ಳುವುದಿಲ್ಲ. ಹುಬ್ಬಳ್ಳಿಯ ಮಿಂಚುಹುಳ ಗೇಮ್ಸ್ ಎಂಬ ಕಂಪನಿ ಮಾಡಿದ ‘ಬೆನ್ನಟ್ಟು’ ಎಂಬ ಖೋ-ಖೋ ಗೇಮನ್ನು ಲಕ್ಷಾಂತರ ಮಂದಿ ಬರೀ ಮೋಜಿಗೆ ಆಡುತ್ತಿದ್ದರು. ಕೆಲವು ಸಾವಿರ ಮಂದಿ ಬೆನ್ನುಪಟ್ಟಿ ಕಟ್ಟಿಕೊಂಡು, ನಡೆಯುವುದಕ್ಕಾಗಿ ಆಡುತ್ತಿದ್ದರು. ಪರದೆ ಆರಿಸಿದ ಮೇಲೂ ಅವರ ಪಟ್ಟಿಯೊಳಗೆ ಆಟದ ನಿಯಮಗಳೇ ಓಡುತ್ತಿದ್ದವು. ಪರದೆಯ ಮೇಲಿನ ಓಟಗಾರ್ತಿ ಕಂಬ ಸುತ್ತುವ ನಿಯಮ ಯಾವುದೋ, ಅಡುಗೆಮನೆಯಲ್ಲಿ ಕಸ್ತೂರಿ ಕಟ್ಟೆಯ ಕಡೆ ತಿರುಗುವ ನಿಯಮವೂ ಅದೇ.

ಮಿಂಚುಹುಳದ ಆ ಪಟ್ಟಿಯ ವಿಭಾಗಕ್ಕೆ ದಾಕ್ಷಾಯಿಣಿ ಮುಖ್ಯಸ್ಥೆ.

ಅಕ್ಕನ ಕೈಗೆ ಪ್ಲಾಸ್ಟರ್ ಹಾಕಿಸಿ ತಡವಾಗಿ ಆಫೀಸಿಗೆ ಹೋದಾಗ, ಗೇಮಿನ ದೂರು ವಿಭಾಗದಲ್ಲಿ ಅದೇ ಕಥೆ ಅವಳಿಗಾಗಿ ಕಾದಿತ್ತು. ಬೆಳಗಾವಿಯಲ್ಲಿ ಒಬ್ಬರು ಬಚ್ಚಲಲ್ಲಿ ಬಿದ್ದಿದ್ದರು. ಹೊಸಪೇಟೆಯಲ್ಲಿ ಒಬ್ಬಾಕೆ ಬ್ಯಾಂಕಿನ ಬಾಗಿಲಲ್ಲಿ. ಎಲ್ಲರೂ ಬಿದ್ದದ್ದು ತಿರುಗುವಾಗ. ಎಲ್ಲರೂ ಹಿಂದಿನ ದಿನದ, ಅಂದರೆ ಬುಧವಾರದ ಅಪ್‌ಡೇಟ್ ಬಂದ ಮೇಲೆ. ಎಲ್ಲರೂ ಬರೆದದ್ದು ಒಂದೇ ಧಾಟಿಯಲ್ಲಿ: ನನ್ನದೇ ಅಜಾಗರೂಕತೆ, ಆದರೂ ತಿಳಿಸೋಣವೆಂದು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಬ ಸುತ್ತುವುದು ನಿಧಾನವಾಯಿತೆಂದು ಮೋಜಿನ ಆಟಗಾರರು ಗೊಣಗುತ್ತಿದ್ದರು. ಅವರನ್ನು ಖುಷಿಪಡಿಸಲು ಬೇರೊಂದು ತಂಡ ತಿರುವಿನಲ್ಲಿದ್ದ ಕಣ್ಣು ಮಿಟುಕಿಸುವಷ್ಟು ಹೊತ್ತಿನ ತಡವನ್ನು ಕಿತ್ತುಹಾಕಿತ್ತು. ಪಟ್ಟಿ ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದುದೇ ಆ ತಡದಲ್ಲಿ. ಪಟ್ಟಿಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ದಾಕ್ಷಾಯಿಣಿ ಊಟ ತಿಂಡಿ ಬಿಟ್ಟು ದುರಸ್ತಿ ಬರೆದಳು. ಶುಕ್ರವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಕಂಪನಿಯ ಮುಖ್ಯಸ್ಥ ಅಭಿಜಿತ್ ನಾಡಗೌಡರ ಕೋಣೆಗೆ ಹೋದಳು. ಕಿಟಕಿಯಾಚೆ ಉಣಕಲ್ ಕೆರೆ ಹೊಳೆಯುತ್ತಿತ್ತು. ನಾಡಗೌಡರು ಕೆಟ್ಟ ಮನುಷ್ಯರೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಕಸ್ತೂರಿ ಮೊದಲ ಸಲ ಎದ್ದು ನಿಂತ ದಿನ ಅವರು ಅವಳೆದುರಿಗೇ ಕಣ್ಣೊರೆಸಿಕೊಂಡಿದ್ದರು.

“ದುರಸ್ತಿ ತಯಾರ ಐತಿ ಸರ್. ಇವತ್ತ ಮಧ್ಯಾಹ್ನ ಅಪ್‌ಡೇಟ್ ಬಿಡಬಹುದು.”

“ಅಪ್‌ಡೇಟ್ ಬ್ಯಾಡ,” ಎಂದರು ನಾಡಗೌಡರು. “ಸೋಮವಾರ ಡಿಎಲ್‌ಸಿ ಬಿಡೋಣ. ದಸರಾ ಕೊಡುಗೆ. ಹೊಸಾ ಮೈದಾನ, ಹೊಸಾ ಜರ್ಸಿ, ಅದರೊಳಗ ನಿಮ್ಮ ದುರಸ್ತಿನೂ. ‘ಸ್ಥಿರ ಹೆಜ್ಜೆ’ ಅಂತ ಹೆಸರ ಇಟ್ಟೇವಿ. ಎಲ್ಲಾ ಫ್ರೀ.”

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಗೇಮಿನ ಲೋಕದಲ್ಲಿ ಅಪ್‌ಡೇಟ್ ಎಂದರೆ ಕೊಂಡ ಆಟವನ್ನು ಸರಿಯಾಗಿಡಲು ಕಂಪನಿ ಮಾಡಲೇಬೇಕಾದ ಕೆಲಸ. ಅದು ತಾನೇ ಬಂದು ಎಲ್ಲರ ಯಂತ್ರದಲ್ಲೂ ಕೂರುತ್ತದೆ. ಡಿಎಲ್‌ಸಿ ಎಂದರೆ ಆಟದ ಮೇಲಿನ ಹೆಚ್ಚುವರಿ, ಬೇಕಾದವರು ಇಳಿಸಿಕೊಳ್ಳಬೇಕು. ಉಚಿತವಾಗಿ ಕೊಟ್ಟರೂ ಅದು ಕೊಡುಗೆಯೇ. ಮೈಗೆ ತಾಗುವ ಯಂತ್ರಗಳ ಬಗ್ಗೆ ಹೊಸ ಕಾಯ್ದೆ ಬಂದಮೇಲಂತೂ ಈ ಎರಡರ ನಡುವಿನ ಗೆರೆ ಗೋಡೆಯಾಗಿತ್ತು. ಅಪ್‌ಡೇಟಿನಿಂದ ಏನನ್ನಾದರೂ ದುರಸ್ತಿ ಮಾಡಿದರೆ ಏನು ಕೆಟ್ಟಿತ್ತು, ಯಾರಿಂದ ಕೆಟ್ಟಿತು ಎಂದು ಬರೆದು ಹೇಳಬೇಕು. ಆದ ಅನಾಹುತಕ್ಕೆ ಕಂಪನಿ ಹೊಣೆ. ಕೊಡುಗೆಗೆ ಯಾರೂ ಕಾರಣ ಕೇಳುವುದಿಲ್ಲ.

“ಸರ್, ಕೊಡುಗೆ ಇಳಿಸಿಕೊಳ್ಳದವರು?”

“ಫ್ರೀ ಅಂದಮ್ಯಾಲೆ ಯಾರ ಬಿಡ್ತಾರ?”

“ಬಿಡೋರು ಇರ್ತಾರ ಸರ್. ಹಳೇ ಯಂತ್ರ ಇದ್ದವರಿಗೆ ಅಷ್ಟು ದೊಡ್ಡ ಮೈದಾನ ಇಳಿಸಾಕ ಜಾಗಾ ಇರೂದಿಲ್ಲ. ಅವರು ಸೋಮವಾರದ ನಂತರನೂ ಬೀಳ್ತಾರ. ಮತ್ತ ಸೋಮವಾರದ ತನಕಾ ಎಲ್ಲಾರೂ ಬೀಳ್ತಾರ.”

“ಈ ಕಡೆ ನೋಡ್ರಿ ದಾಕ್ಷಾಯಿಣಿ. ಅಪ್‌ಡೇಟ್ ಅಂದ್ರ ತಪ್ಪು ಒಪ್ಪಿಕೊಂಡಂಗ. ಒಪ್ಪಿಕೊಂಡ್ರ ದುಡ್ಡ ಹಾಕಿದವರು ಪಟ್ಟಿ ವಿಭಾಗಾನ ಮುಚ್ಚತಾರ. ಆಮ್ಯಾಲೆ ನಿಮ್ಮಕ್ಕಗ ಅಪ್‌ಡೇಟೂ ಇಲ್ಲ, ಕೊಡುಗೆನೂ ಇಲ್ಲ. ನಾ ಅವರನ್ನ ಉಳಸಾಕ ನೋಡಾಕತ್ತೀನಿ.”

“ಕಾಲ ಮುರದವರು ನಾವ. ಕೋಲ ಕೊಟ್ಟು ದಾನಾ ಮಾಡಿದಿವಿ ಅನ್ನೋರೂ ನಾವ ಏನ್ ಸರ್?”

ನಾಡಗೌಡರು ಕನ್ನಡಕ ತೆಗೆದು ಒರೆಸತೊಡಗಿದರು. ಮಾತು ಮುಗಿಯಿತೆಂದು ಅರ್ಥ.

ಅವಳು ಮನೆಯಲ್ಲಿ ಏನನ್ನೂ ಹೇಳಲಿಲ್ಲ. ಕಂಪನಿಯ ಒಳಗಿನ ಮಾತನ್ನು ಹೊರಗಾಡಬಾರದೆಂದು ಸೇರುವಾಗಲೇ ಸಹಿ ಮಾಡಿದ್ದಳು. ಎರಡು ದಿನ ಅಕ್ಕನನ್ನು ಗಾಲಿಕುರ್ಚಿಯಿಂದ ಏಳದಂತೆ ನೋಡಿಕೊಂಡಳು. “ಕೈ ವಾಸಿ ಆಗೂತನಕ ಪಟ್ಟಿ ಬ್ಯಾಡ,” ಎಂದು ತೆಗೆದಿಟ್ಟಳು. ಉಳಿದ ಸಾವಿರಾರು ಜನರ ಪಟ್ಟಿ ಯಾರು ತೆಗೆದಿಡುತ್ತಾರೆ ಎಂದು ಯೋಚಿಸಿ ಯೋಚಿಸಿ ಅವಳಿಗೆ ಅನ್ನ ಸೇರಲಿಲ್ಲ.

ಸೋಮವಾರ ಕೊಡುಗೆ ಬಂತು. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಕಸ್ತೂರಿ ಒಂದೇ ಕೈಯಲ್ಲಿ ಪಟ್ಟಿ ಕಟ್ಟಿಕೊಂಡು, ಕೊಡುಗೆ ಇಳಿಸಿಕೊಂಡು, ಪಡಸಾಲೆಯಲ್ಲಿ ಸುತ್ತು ಹೊಡೆಯುತ್ತಿದ್ದಳು.

“ನೋಡ ದಾಕ್ಷಿ, ತಿರುಗಿದ್ರ ಎಷ್ಟ ಗಟ್ಟಿ ಅನಸ್ತೈತಿ. ನಿಮ್ಮ ಸಾಹೇಬರು ಪುಣ್ಯಾತ್ಮರು ಬಿಡು. ಪುಕ್ಕಟೆ ಕೊಟ್ಟಾರ. ನಾ ಥ್ಯಾಂಕ್ಸ್ ಅಂತ ಬರದೆ.”

ದಾಕ್ಷಾಯಿಣಿ ಅಕ್ಕನ ಫೋನು ಇಸಿದುಕೊಂಡು ನೋಡಿದಳು. ಕಸ್ತೂರಿ ಒಬ್ಬಳೇ ಅಲ್ಲ. ಬಚ್ಚಲಲ್ಲಿ ಬಿದ್ದಿದ್ದ ಬೆಳಗಾವಿಯವರು ಕೈಮುಗಿದ ಚಿತ್ರ ಹಾಕಿದ್ದರು. ಹೊಸಪೇಟೆಯಾಕೆ ‘ಇಂಥ ಕಂಪನಿ ನೂರು ಕಾಲ ಬಾಳಲಿ’ ಎಂದಿದ್ದಳು. ಅವರೆಲ್ಲ ಕೊಡುಗೆ ಪಡೆಯುವ ಮುನ್ನ ಒಂದು ಷರತ್ತಿಗೆ ಟಿಕ್ ಹಾಕಿದ್ದರು: ಆಟವು ಮೊದಲಿನಿಂದಲೂ ಸುಸ್ಥಿತಿಯಲ್ಲಿತ್ತೆಂದು ಒಪ್ಪಿ ಈ ಕೊಡುಗೆಯನ್ನು ಸ್ವೀಕರಿಸುತ್ತೇನೆ. ಯಾರೂ ಅದನ್ನು ಓದಿರಲಿಲ್ಲ. ಕಾನೂನು ವಿಭಾಗದವರು ಅದನ್ನು ಬರೆದದ್ದೇ ಯಾರೂ ಓದುವುದಿಲ್ಲ ಎಂದು.

ಆ ಕೈಮುಗಿದ ಚಿತ್ರಗಳನ್ನು ನೋಡುತ್ತಿದ್ದಂತೆ ಅವಳೊಳಗೆ ಏನೋ ಹರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಕೃತಜ್ಞತೆಯನ್ನು ತಡೆದುಕೊಳ್ಳಲಾಗಲಿಲ್ಲ.

“ಅಕ್ಕಾ, ಕುಂದರು,” ಎಂದು ಎಲ್ಲವನ್ನೂ ಹೇಳಿದಳು.

ಕಸ್ತೂರಿ ತನ್ನ ಪ್ಲಾಸ್ಟರನ್ನು ಬೆರಳಿಂದ ಸವರಿದಳು. ಕಳೆದ ವರ್ಷದಿಂದ ಅವಳು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಖೋ-ಖೋ ಕಲಿಸಲು ಹೋಗುತ್ತಿದ್ದಳು. ಬಿದ್ದ ಮರುದಿನವೇ ಹೆಡ್‌ಮೇಡಂಗೆ ಫೋನು ಮಾಡಿ ಆ ಕೆಲಸ ಬಿಟ್ಟುಬಿಟ್ಟಿದ್ದಳು. ತನ್ನ ಕಾಲನ್ನೇ ನಂಬಲಾಗದವಳು ಮಕ್ಕಳಿಗೆ ಏನು ಕಲಿಸುವುದೆಂದು.

“ಅಂದ್ರ ನಾ ಬೀಳಲಿಲ್ಲ,” ಎಂದಳು. “ಕೆಡವಿದ್ರು.”

“ಹೌದು.”

“ಗೊತ್ತಿದ್ದೂ ನೀ ಸುಮ್ಮನಿದ್ದೆ.”

ಕಸ್ತೂರಿ ಫೋನು ತೆಗೆದುಕೊಂಡು ತಾನು ಬರೆದ ಥ್ಯಾಂಕ್ಸ್ ಅಳಿಸಿದಳು. ಎದ್ದು ಗೋಡೆ ಹಿಡಿಯದೆ ತನ್ನ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡಳು.

ಮರುದಿನ ಸರ್ವರ್ ಕೋಣೆಯ ದೊಡ್ಡ ಪರದೆಯಲ್ಲಿ ಲೆಕ್ಕ ಕಾಣುತ್ತಿತ್ತು. ಪಟ್ಟಿ ಕಟ್ಟಿಕೊಳ್ಳುವವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಕೊಡುಗೆ ಇಳಿಸಿಕೊಂಡಿದ್ದರು. ಮಿಕ್ಕವರು ಹಾಗೇ ಇದ್ದರು. ದಾಕ್ಷಾಯಿಣಿ ಅದನ್ನು ನೋಡುತ್ತ ನಿಂತಿದ್ದಾಗ ದೂರು ವಿಭಾಗದಿಂದ ಒಂದು ಕರೆಯನ್ನು ಅವಳಿಗೆ ದಾಟಿಸಿದರು. ಆ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತಿದ್ದವು.

“ನಾ ಗದಗಿಂದ ಶಮಶಾದ್ ಅಂತ್ರಿ,” ಎಂದಿತು ಒಂದು ಹೆಣ್ಣು ದನಿ. “ನಮ್ಮಪ್ಪ ಬುಡನಸಾಬ ಅಂತ. ಹುಡುಗರಿಗೆ ಕುಸ್ತಿ ಕಲಸೋ ವಸ್ತಾದ ಇದ್ರು. ನಿಮ್ಮ ಪಟ್ಟಿ ಹಾಕ್ಕೊಂಡು ಅಡ್ಡಾಡ್ತಿದ್ರು. ಇವತ್ತ ಮುಂಜಾನೆ ಮೆಟ್ಟಲ ಮ್ಯಾಲೆ ತಿರುಗುವಾಗ ಬಿದ್ದಾರ. ತೊಡಿ ಎಲುಬು ಮುರದೇತ್ರಿ.”

“ದಸರಾ ಕೊಡುಗೆ ಇಳಿಸಿಕೊಂಡಿದ್ರೇನ್ರಿ?”

“ಇಲ್ರಿ. ನಾ ಹೇಳಿದೆ, ಅವರು ಒಲ್ಲೆ ಅಂದ್ರು. ನಮ್ಮಪ್ಪನ ಹಟಾ ನಿಮಗ ಗೊತ್ತಿಲ್ರಿ. ಆಟಕ್ಕ ರೊಕ್ಕಾ ಕೊಟ್ಟೀನಿ, ಪಟ್ಟಿಗೂ ಕೊಟ್ಟೀನಿ, ಮತ್ತೊಬ್ಬರ ಪುಕ್ಕಟೆ ನನಗ್ಯಾಕ ಬೇಕು, ಇಲ್ಲದವರಿಗೆ ಕೊಡ್ರಿ ಅನ್ನು ಅಂದ್ರು. ಬ್ಯಾಡ ಅನ್ನೋದನ್ನ ತಾವ ಒತ್ತಿದ್ರು.”

ದಾಕ್ಷಾಯಿಣಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ರಿಪೇರಿ ಅಂತ ಹೇಳಿದ್ರ ತಗೋತಿದ್ರೇನ್ರಿ?”

“ರಿಪೇರಿ ಅಂದಿದ್ರ ಮುಂದ ನಿಂತ ಮಾಡಿಸ್ಕೋತಿದ್ರು. ಅದು ಅವರ ಹಕ್ಕಲ್ರಿ.” ಆ ಕಡೆಯ ದನಿ ಚುರುಕಾಯಿತು. “ಯಾಕ್ರಿ? ಅದು ರಿಪೇರಿ ಇತ್ತೇನ್ರಿ?”

ಪಕ್ಕದ ಮೇಜಿನಲ್ಲಿ ಕೂತಿದ್ದ ಪರೀಕ್ಷಕ ಜಯತೀರ್ಥ ತಲೆಯೆತ್ತಿ ಅವಳನ್ನು ನೋಡಿದ.

“ಹೌದ್ರಿ,” ಎಂದಳು ದಾಕ್ಷಾಯಿಣಿ. “ರಿಪೇರಿ ಇತ್ತು. ತಪ್ಪು ನಮ್ಮದು. ನಾವು ಸುಳ್ಳ ಹೇಳಿದ್ವಿ.”

ಫೋನಿಟ್ಟು ಅವಳು ಕುರ್ಚಿ ಎಳೆದುಕೊಂಡಳು. ದುರಸ್ತಿಯನ್ನು ಮೈದಾನ, ಜರ್ಸಿಗಳ ಗಂಟಿನಿಂದ ಬಿಡಿಸಿ ಹೊರಗೆ ತೆಗೆದಳು. ಒಂದು ಹಾಡು ಇಳಿಸಿಕೊಳ್ಳುವಷ್ಟು ಜಾಗವೂ ಅದಕ್ಕೆ ಬೇಕಿರಲಿಲ್ಲ. ಅದನ್ನು ಅಪ್‌ಡೇಟಿನ ಸಾಲಿಗೆ ಸೇರಿಸಿದಳು. ಕಾರಣ ಬರೆಯುವ ಜಾಗದಲ್ಲಿ ಬರೆದಳು: ಬುಧವಾರದ ಅಪ್‌ಡೇಟಿನಲ್ಲಿ ನಾವು ತಿರುಗುವ ನಿಯಮವನ್ನು ತಪ್ಪಾಗಿ ಬದಲಿಸಿದೆವು. ಅದರಿಂದ ಬೆನ್ನುಪಟ್ಟಿ ಕಟ್ಟಿಕೊಂಡವರು ಬಿದ್ದು ಗಾಯಗೊಂಡಿದ್ದಾರೆ. ಇದು ಅದರ ದುರಸ್ತಿ. ಬಿದ್ದದ್ದು ನಿಮ್ಮ ತಪ್ಪಲ್ಲ.

ಅಪ್‌ಡೇಟ್ ಹೊರಡಲು ಇಬ್ಬರ ಒಪ್ಪಿಗೆ ಬೇಕು: ಬರೆದವರದು, ಪರೀಕ್ಷಿಸಿದವರದು. ಅವಳು ಜಯತೀರ್ಥನ ಕಡೆ ತಿರುಗಿದಳು.

“ನೀ ಒತ್ತಲೇಬೇಕು ಅಂತಿಲ್ಲ. ಒತ್ತದಿದ್ರ ನಾ ತಪ್ಪು ತಿಳಿಯೂದಿಲ್ಲ.”

ಜಯತೀರ್ಥ ಹೊಸದಾಗಿ ಮದುವೆಯಾದವನು, ಮನೆ ಕಟ್ಟಿಸುತ್ತಿದ್ದವನು. ಎದ್ದು ಬಂದು ಆ ನಾಲ್ಕು ಸಾಲುಗಳನ್ನು ಎರಡು ಸಲ ಓದಿದ.

“ಮೇಡಂ, ‘ನಾವು’ ಅಂತ ಬರದೀರಿ.”

“ಹೌದು.”

“ಬುಧವಾರದ್ದನ್ನ ಪಾಸ್ ಮಾಡಿದಾಂವ ನಾನ,” ಎಂದ. “ಪಟ್ಟಿ ಹಚ್ಚಿ ಪರೀಕ್ಷಾ ಮಾಡಾಕ ಟೈಮ್ ಕೊಡಲಿಲ್ಲ. ಕೊಡ್ರಿ ಅಂತ ನಾನೂ ಕೇಳಲಿಲ್ಲ.” ತನ್ನ ಬೆರಳಚ್ಚು ಒತ್ತಿದ.

ಪರದೆಯ ಮೇಲಿನ ಲೆಕ್ಕ ಸರಸರ ಏರತೊಡಗಿತು. ಕೊಪ್ಪಳ, ಜಮಖಂಡಿ, ಸೊಲ್ಲಾಪುರ. ಯಾರನ್ನೂ ಕೇಳದೆ, ಯಾರಿಂದಲೂ ಟಿಕ್ ಹಾಕಿಸಿಕೊಳ್ಳದೆ ದುರಸ್ತಿ ತನ್ನ ಪಾಡಿಗೆ ಹೋಗಿ ಸೇರಿಕೊಳ್ಳುತ್ತಿತ್ತು.

ಸುದ್ದಿ ಸಿಕ್ಕಿ ನಾಡಗೌಡರು ಓಡಿಬಂದಾಗ ಅದು ಬಹುತೇಕ ಮುಗಿದಿತ್ತು.

“ವಾಪಸ್ ತಗೋರಿ ಅದನ್ನ. ಈಗಿಂದೀಗ.”

“ನೀವ ತಗೋರಿ ಸರ್. ತಗೊಂಡ್ರ ಅವರು ಮತ್ತ ಬೀಳ್ತಾರ. ಯಾಕ ತಗೊಂಡ್ರಿ ಅಂತ ಕಾಯ್ದೆ ಪ್ರಕಾರ ಬರೀಬೇಕು. ಏನ ಬರೀತೀರಿ?”

ನಾಡಗೌಡರು ಮೇಜು ಗುದ್ದಿದರು. “ವಿಭಾಗ ಮುಚ್ಚಿತು ಅಂತ ತಿಳೀರಿ. ಎಲ್ಲಾರ ಕಾಲಮ್ಯಾಲೂ ನೀವ ಕಲ್ಲ ಹಾಕಿದ್ರಿ.”

“ಸರ್, ಗದಗಿನ್ಯಾಗ ಒಬ್ಬ ಮುದುಕರು ನಿಮ್ಮ ಕೊಡುಗಿ ಒಲ್ಲೆ ಅಂತ ಅಂದು ತೊಡಿ ಮುರಕೊಂಡ ಮಲಗ್ಯಾರ. ಮರ್ಯಾದೆ ಇದ್ದ ಮನಶಾ ಬಿದ್ದ, ಟಿಕ್ ಹಾಕಿದವರು ಉಳಕೊಂಡ್ರು. ಇಂಥಾ ವಿಭಾಗಾನ ಯಾರ ಸಲುವಾಗಿ ಉಳಸಾಕತ್ತೀರಿ ನೀವು?” ಅವಳ ದನಿ ಏರಿರಲಿಲ್ಲ. ಏರಿದ್ದರೆ ಅಳುವೇ ಬರುತ್ತಿತ್ತು, ಅದನ್ನು ಅವರೆದುರು ತೋರಿಸಲು ಅವಳಿಗೆ ಇಷ್ಟವಿರಲಿಲ್ಲ.

ಸಂಜೆಯೊಳಗೆ ಅವಳ ಗುರುತಿನ ಕಾರ್ಡು ಕಸಿದುಕೊಂಡರು, ಜಯತೀರ್ಥನದನ್ನೂ.

ವಾರಾಂತ್ಯಕ್ಕೆ ಅಕ್ಕತಂಗಿಯರು ಗದಗಿಗೆ ಹೋದರು. ಕಸ್ತೂರಿ ಅಷ್ಟು ದಿನ ತಂಗಿಯ ಜೊತೆ ಬೇಕಾದಷ್ಟೇ ಮಾತಾಡಿದ್ದಳು. ಬಸ್ಸಿನಲ್ಲಿ ಒಮ್ಮೆ ಮಾತ್ರ, “ಬಿದ್ದವರನ್ನೆಲ್ಲ ಹುಡುಕಿ ಫೋನ್ ಮಾಡಾಕತ್ತೀನಿ. ಅರ್ಧಾ ಮಂದಿ ಇನ್ನೂ ತಮ್ಮದ ತಪ್ಪು ಅಂತಾರ,” ಎಂದಳು.

ಬುಡನಸಾಬರು ಆಸ್ಪತ್ರೆಯ ಮಂಚದ ಮೇಲೆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಎಪ್ಪತ್ತು ದಾಟಿದ ಭಾರಿ ಆಳು. ಕುಸ್ತಿಯಲ್ಲಿ ಜಜ್ಜಿ ಮುರುಟಿದ ಕಿವಿಗಳು. ದಾಕ್ಷಾಯಿಣಿ ಹೆಸರು ಹೇಳಿಕೊಂಡು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ನಾಡಗೌಡರೇ ಒಳಗೆ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ. ಜೊತೆಯಲ್ಲಿ ಕಡತ ಹಿಡಿದ ವಕೀಲ. ಅವಳನ್ನು ಕಂಡು ಒಂದು ಕ್ಷಣ ತಡೆದರು.

“ಅಜ್ಜಾರ, ನಿಮ್ಮ ಚಿಕಿತ್ಸೆದು ಎಲ್ಲಾ ಕಂಪನಿ ನೋಡಿಕೊಳ್ತೈತಿ,” ಎಂದರು ಮಂಚದ ಪಕ್ಕ ಕೂತು. “ಮಾನವೀಯತೆ ದೃಷ್ಟಿಯಿಂದ. ಪೂರ್ತಿ ಉಚಿತ. ಇಲ್ಲೊಂದು ಸಹಿ ಹಾಕಿದ್ರ ಸಾಕು.”

ಬುಡನಸಾಬರು ಕಾಗದವನ್ನು ಮಗಳಿಂದ ಓದಿಸಿ ಕೇಳಿದರು.

“ಇದರಾಗ ಉಚಿತ ಅಂತ ಐತಲ್ಲ, ಅದನ್ನ ಹೊಡದ ಹಾಕ್ರಿ,” ಎಂದರು. “ನಮ್ಮಿಂದ ಬಿದ್ದೀರಿ ಅಂತ ಬರೀರಿ. ಸಹಿ ಹಾಕ್ತೀನಿ.”

“ಅಜ್ಜಾರ, ಶಬ್ದದಾಗ ಏನೈತ್ರಿ? ಸಿಗೋದು ಅದ ಅಲ್ಲ?”

“ಏನೈತಿ ಅಂತ ಕೇಳ್ತೀಯಲ್ಲೋ,” ಎಂದ ಮುದುಕರ ದನಿಗೆ ಆಚೆ ಮಂಚದವರೂ ತಿರುಗಿದರು. “ಕಣದಾಗ ಬೆನ್ನ ಮಣ್ಣಿಗೆ ಹತ್ತಿದ್ರ ಹತ್ತೇತಿ ಅಂತ ಒಪ್ಪಬೇಕು. ಒಪ್ಪಿದಾಂವ ನಾಳೆ ಮತ್ತ ಕಣಕ್ಕ ಬರಬಹುದು. ಒಪ್ಪದವನ ಜೋಡಿ ನಾವು ಕೈ ಕೂಡಸೂದಿಲ್ಲ. ನೀ ಬರೀತೀಯೋ ಇಲ್ಲೋ?”

ನಾಡಗೌಡರು ವಕೀಲನ ಮುಖ ನೋಡಿದರು. ವಕೀಲ ಬೇಡವೆಂದು ತಲೆಯಾಡಿಸಿದ.

“ಅಷ್ಟ ಬರಿಯೋ ಅಧಿಕಾರ ನನಗಿಲ್ರಿ.”

“ಹಂಗಾರ ಹಣ್ಣ ತಗೊಂಡ ಹೋಗು. ಶಮಶಾದ್, ಬುಟ್ಟಿ ಅವರ ಕೈಯಾಗ ಕೊಡವಾ.”

ಶಮಶಾದ್ ಕೊಟ್ಟಳು. ನಾಡಗೌಡರು ಬುಟ್ಟಿ ಎದೆಗವಚಿಕೊಂಡು, ಯಾರ ಕಣ್ಣನ್ನೂ ನೋಡದೆ, ಉದ್ದನೆಯ ವಾರ್ಡನ್ನು ದಾಟಿ ಹೋದರು. ಅವರು ಹೊರಗೆ ಹೋದಮೇಲೆ ಮುದುಕರು ದಾಕ್ಷಾಯಿಣಿಯ ಕಡೆ ತಿರುಗಿದರು.

“ನೀನ ಏನು ಫೋನಿನ್ಯಾಗ ಸುಳ್ಳ ಹೇಳಿದ್ವಿ ಅಂದಾಕಿ?”

“ಹೌದ್ರಿ ಅಜ್ಜಾರ.”

“ಅದನ್ನ ನಾ ಬೀಳೂಕಿಂತ ಮೊದಲ ಹೇಳಬೇಕಾಗಿತ್ತು.”

ಕಸ್ತೂರಿ ಬಂದು ತಂಗಿಯ ಹೆಗಲ ಮೇಲೆ ತನ್ನ ಪ್ಲಾಸ್ಟರಿನ ಕೈ ಇಟ್ಟಳು.

ಆಮೇಲೆ ಕೋರ್ಟು. ಕಸ್ತೂರಿ ಫೋನು ಮಾಡಿ ಮಾಡಿ ಒಟ್ಟುಗೂಡಿಸಿದವರು ಊರುಗೋಲು ಹಿಡಿದು, ಗಾಲಿಕುರ್ಚಿ ತಳ್ಳಿಸಿಕೊಂಡು ಪ್ರತಿ ವಾಯಿದೆಗೂ ಬಂದರು. ಟಿಕ್ ಹಾಕಿದವರಿಗೆ ದಾವೆ ಹೂಡುವ ಹಕ್ಕಿಲ್ಲವೆಂದು ಕಂಪನಿ ವಾದಿಸಿತು. ಟಿಕ್ ಹಾಕದೆ ಉಳಿದ ಬುಡನಸಾಬರ ಹೆಸರಿನಲ್ಲೇ ಮೊಕದ್ದಮೆ ನಿಂತಿತು. ಗದಗಿನ ಆ ಕರೆಯ ಧ್ವನಿಮುದ್ರಣವನ್ನು ಕೋರ್ಟಿನಲ್ಲಿ ಕೇಳಿಸಿದರು. ದಾಕ್ಷಾಯಿಣಿಯನ್ನು ಯಾವ ಗೇಮ್ ಕಂಪನಿಯೂ ಕೆಲಸಕ್ಕೆ ಕರೆಯಲಿಲ್ಲ. ಪಟ್ಟಿ ವಿಭಾಗವನ್ನು ಕಂಪನಿ ಮಾರಿತು. ಕೊಂಡವರು ನಡೆಸಿಕೊಂಡು ಹೋದರು. ಮುಚ್ಚಿಹೋಗುತ್ತದೆಂಬ ನಾಡಗೌಡರ ಹೆದರಿಕೆ ಬರೀ ಹೆದರಿಕೆಯಾಗಿಯೇ ಉಳಿಯಿತು. ಕಸ್ತೂರಿ ಶಾಲೆಯ ಮೈದಾನಕ್ಕೆ ಮರಳಿದಳು. ಬುಡನಸಾಬರ ಎಲುಬು ಸೊಟ್ಟಗೆ ಕೂಡಿತು. ಪಟ್ಟಿ ಕಟ್ಟಿದರೂ ಅವರು ಮತ್ತೆ ನಡೆಯಲಿಲ್ಲ.

ತೀರ್ಪಾಗಿ ಕಂಪನಿಯ ಕಾಗದ ಬಂದ ದಿನ ದಾಕ್ಷಾಯಿಣಿ ಗದಗಿಗೆ ಹೋಗಿದ್ದಳು. ಕೋರ್ಟಿನ ಆಜ್ಞೆಯಂತೆ ಕಂಪನಿ ಬರೆದುಕೊಟ್ಟ ಸಾಲನ್ನು ಶಮಶಾದ್ ಅಪ್ಪನ ಪಕ್ಕ ಕೂತು ಓದಿದಳು: ನೀವು ಬಿದ್ದದ್ದು ನಮ್ಮ ತಪ್ಪಿನಿಂದ.

“ಇನ್ನೊಮ್ಮೆ ಓದು,” ಎಂದರು ಮುದುಕರು.

ಅವಳು ಓದಿದಳು. ಬುಡನಸಾಬರು ತಮ್ಮ ಒಣಗಿದ ತೊಡೆಯ ಮೇಲೆ ಕೈಯಿಟ್ಟುಕೊಂಡರು.

“ಒಂದು ಸಾಲು,” ಎಂದರು. “ಇಷ್ಟ ಬರಿಯಾಕ ಎರಡ ವರ್ಷ ಬೇಕಾತೇನು ಇವರಿಗೆ?”